ಯಾವ ಗುಡ್ಡ ಅಂತ ಆಮೇಲೆ ನೋಡೋಣ, ಯಾವ ತಿಂಗಳು ಹೇಳಿ

ಮುಂಬೈ ಸುತ್ತಲಿನ ಗುಡ್ಡ, ಕೋಟೆ, ಕಾಡುದಾರಿಗಳ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲ ಉತ್ತರ ಕೊಡುತ್ತಿರುವವರು ಮುಲುಂಡಿನಲ್ಲಿರುವ ನಿವೃತ್ತ ನರ್ಸ್ ಒಬ್ಬರು. ಹುಟ್ಟೂರು ಕಾರ್ಕಳ. ರಜೆ ಸಿಕ್ಕಿದರೆ ಗುಡ್ಡ ಹತ್ತುವ ಚಟ ಡ್ಯೂಟಿ ಮಾಡುತ್ತಿದ್ದ ಕಾಲದಿಂದಲೂ ಇದೆ.

ಅಕ್ಕಾ, ನಾನು ದಾವಣಗೆರೆಯವನು. ಐಟಿ ಕೆಲಸಕ್ಕೆ ಬಂದು ಘನ್ಸೋಲಿಯಲ್ಲಿ ಪಿಜಿಯಲ್ಲಿದ್ದೇನೆ. ಊರಲ್ಲಿದ್ದಾಗ ಕುಮಾರಪರ್ವತ, ಎತ್ತಿನಭುಜ ಎಲ್ಲ ಮುಗಿಸಿದ್ದೇನೆ. ಇಲ್ಲಿ ಮೊದಲು ಯಾವುದು ಹತ್ತಲಿ? ಬೈಕ್ ಇಲ್ಲ.
— ಘನ್ಸೋಲಿಯ ಓದುಗ

ಬೈಕ್ ಇಲ್ಲದ್ದೇ ಒಳ್ಳೆಯದಾಯಿತು ತಮ್ಮಾ. ಇಲ್ಲಿ ಗುಡ್ಡಕ್ಕೆ ಹೋಗುವವರು ಲೋಕಲ್ ಹಿಡಿದೇ ಹೋಗುವುದು. ಸೆಂಟ್ರಲ್ ಲೈನ್ ಕಲ್ಯಾಣದಲ್ಲಿ ಎರಡು ಕವಲಾಗುತ್ತದೆ. ಒಂದು ಕರ್ಜತ್ ಕಡೆಗೆ, ಇನ್ನೊಂದು ಕಸಾರಾ ಕಡೆಗೆ. ಎರಡೂ ಹೋಗಿ ನಿಲ್ಲುವುದು ಘಟ್ಟದ ಬುಡದಲ್ಲಿ. ನೀವು ಘನ್ಸೋಲಿಯಿಂದ ಠಾಣೆಗೆ ಬಂದು ಕರ್ಜತ್ ಗಾಡಿ ಹತ್ತಿದರೆ ಸಾಕು. ಬದ್ಲಾಪುರ ದಾಟಿದ ಮೇಲೆ ಬಲಗಡೆ ಕಿಟಕಿಯಲ್ಲಿ ಕೂತುಕೊಳ್ಳಿ. ಉದ್ದಕ್ಕೆ ಗೋಡೆ ಕಟ್ಟಿದಂತೆ ಒಂದು ಬೆಟ್ಟ ಕಾಣುತ್ತದೆ. ಅದೇ ಮಾಥೇರಾನ್. ಮೊದಲು ಅದನ್ನೇ ಹತ್ತಿ.

"ಮಾಥೇರಾನ್ ಅಂದ್ರೆ ಹನಿಮೂನಿಗೆ ಹೋಗುವ ಜಾಗ ಅಲ್ವಾ?" ಅಂತ ನೀವು ಕೇಳುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ಕುದುರೆ, ಚಿಕ್ಕಿ ಅಂಗಡಿ, ಜೋಡಿಗಳು ಎಲ್ಲ ಮೇಲೆ ಪೇಟೆಯಲ್ಲಿ. ಹತ್ತುವ ದಾರಿಯಲ್ಲಿ ಅವರು ಯಾರೂ ಇರುವುದಿಲ್ಲ. ಭಿವಪುರಿ ರೋಡ್ ಸ್ಟೇಷನ್ನಿನಲ್ಲಿ ಇಳಿದು ದಿಕ್ಸಳ ಊರಿನ ಮೂಲಕ ಅಣೆಕಟ್ಟಿನ ಬದಿ ಹಿಡಿದು ಮಾಥೇರಾನಿನ ಗಾರ್ಬೆಟ್ ಎಂಬ ಅಂಚಿಗೆ ಹತ್ತುವ ದಾರಿ ಇದೆ. ಮಧ್ಯೆ ಆದಿವಾಸಿಗಳ ವಾಡಿಗಳು ಸಿಗುತ್ತವೆ, ಆಮೇಲೆ ಬಯಲಿನಂಥ ದಂಡೆ, ಕೊನೆಗೆ ಕಡಿದಾದ ಏರು. ಮೇಲೆ ಹೋದ ಮೇಲೆ ಮಾಥೇರಾನಿನೊಳಗೆ ನಡೆದು, ಗಾಡಿಗಳು ನಿಲ್ಲುವ ದಸ್ತೂರಿ ನಾಕಾಕ್ಕೆ ಬಂದರೆ ನೇರಳ್ ಸ್ಟೇಷನ್ನಿಗೆ ಶೇರ್ ಟ್ಯಾಕ್ಸಿ ಸಿಗುತ್ತದೆ. ಹತ್ತಿದ ಕಡೆಯೇ ಇಳಿಯಬೇಕಾಗಿಲ್ಲ. ಅದೇ ಇದರ ಸುಖ.

ಒಂದು ಎಚ್ಚರಿಕೆ. ಕುಮಾರಪರ್ವತ 1,712 ಮೀಟರ್, ಮಾಥೇರಾನ್ ಬರೀ 800 ಅಂತ ಸಸಾರ ಮಾಡಬೇಡಿ. ಇಲ್ಲಿ ನೀವು ಹೊರಡುವುದೇ ಹೆಚ್ಚುಕಡಿಮೆ ಸಮುದ್ರದ ಮಟ್ಟದಿಂದ. ಮೇಲಾಗಿ ಕಡಲ ಗಾಳಿಯಲ್ಲಿ ತೇವ ಜಾಸ್ತಿ. ಬೆವರು ಸುರಿಯುತ್ತದೆ, ಆದರೆ ಒಣಗುವುದಿಲ್ಲ. ಬೆವರು ಆರದಿದ್ದರೆ ಮೈ ತಣ್ಣಗಾಗುವುದಿಲ್ಲ. ದಾವಣಗೆರೆಯ ಒಣ ಬಿಸಿಲಿನಲ್ಲಿ ಬೆಳೆದವರಿಗೆ ಇದು ಮೊದಲ ಸಲ ತಲೆ ಸುತ್ತಿಸಿಬಿಡುತ್ತದೆ.

ಇನ್ನು ತಿಂಗಳ ವಿಚಾರ. ನೀವು ಅದನ್ನೇ ಬರೆದಿಲ್ಲ. ಯಾರೂ ಬರೆಯುವುದಿಲ್ಲ. ಎಲ್ಲರೂ ಗುಡ್ಡದ ಹೆಸರು ಕೇಳುತ್ತಾರೆ. ಇಲ್ಲಿ ಒಂದೇ ಗುಡ್ಡ ಸೆಪ್ಟೆಂಬರಿನಲ್ಲಿ ಒಂದು ಥರ, ಏಪ್ರಿಲಿನಲ್ಲಿ ಇನ್ನೊಂದು ಥರ, ಜುಲೈನಲ್ಲಿ ಪ್ರಾಣ ತೆಗೆಯುವಂಥದ್ದು. ಮಳೆ ಇಳಿಮುಖವಾದ ಸೆಪ್ಟೆಂಬರ್ ಬಹಳ ಚೆಂದ. ಗುಡ್ಡದ ಮೇಲೆಲ್ಲ ಸೋನ್ಕಿ ಅಂತ ಹಳದಿ ಹೂವು ಹಾಸಿರುತ್ತದೆ. ಅಕ್ಟೋಬರಿನಲ್ಲಿ ಸೆಕೆ ತಿರುಗಿ ಬರುತ್ತದೆ. ನವೆಂಬರಿನಿಂದ ಫೆಬ್ರುವರಿವರೆಗೆ ಉದ್ದದ ದಾರಿಗಳನ್ನು ಇಟ್ಟುಕೊಳ್ಳಿ. ಮಾರ್ಚ್ ಆದ ಮೇಲೆ ಬೆಳಿಗ್ಗೆ ಹತ್ತರೊಳಗೆ ಇಳಿದು ಮುಗಿಸುವಂಥ ಸಣ್ಣ ಗುಡ್ಡ ಮಾತ್ರ.

ಮಗನಿಗೆ ಎಂಟು ವರ್ಷ. ಬೊರಿವಲಿ ನ್ಯಾಷನಲ್ ಪಾರ್ಕಿಗೆ ಕರೆದುಕೊಂಡು ಹೋಗೋಣ ಅಂದರೆ ನಮ್ಮವರು "ಅಲ್ಲಿ ಚಿರತೆ ಇದೆ, ನಿನಗೇನು ತಲೆ ಸರಿ ಇಲ್ವಾ" ಅನ್ನುತ್ತಾರೆ. ನಿಜವಾಗಿ ಅಷ್ಟು ಭಯ ಉಂಟಾ?
— ಡೊಂಬಿವಲಿಯ ಓದುಗರು

ಚಿರತೆ ಇದೆ. ಅದರಲ್ಲಿ ಯಜಮಾನರು ಹೇಳಿದ್ದು ಸರಿ. ಸುಮಾರು 104 ಚದರ ಕಿಲೋಮೀಟರ್ ಕಾಡು, ಸುತ್ತಲೂ ಊರು. ನಮ್ಮ ಮುಲುಂಡಿನ ಕಟ್ಟಡಗಳ ಬೆನ್ನಿಗೇ ಆ ಕಾಡಿನ ಈಚೆ ಕಡೆಯ ಗುಡ್ಡ ಶುರುವಾಗುತ್ತದೆ. ಕಸ ಬಿದ್ದಲ್ಲಿ ಬೀದಿನಾಯಿ, ನಾಯಿ ಇದ್ದಲ್ಲಿಗೆ ರಾತ್ರಿ ಚಿರತೆ. ಇದು ಇಲ್ಲಿನವರಿಗೆ ಗೊತ್ತಿರುವ ಲೆಕ್ಕ.

ಆದರೆ ಹಗಲು ಹೊತ್ತು ಗೇಟಿನಿಂದ ಕಾನ್ಹೇರಿ ಗುಹೆಯವರೆಗಿನ ಡಾಂಬರು ರಸ್ತೆಯಲ್ಲಿ ಮಗುವನ್ನು ಕರೆದುಕೊಂಡು ಹೋಗಲು ಹೆದರಬೇಕಾಗಿಲ್ಲ. ಜನ ಇರುತ್ತಾರೆ, ಪಾರ್ಕಿನ ಬಸ್ಸು ಓಡಾಡುತ್ತದೆ. ಮಗ ಕೈಯಳತೆಯಲ್ಲಿರಲಿ. ಮುಂದೆ ಓಡಿಹೋಗುವುದು, ಹಿಂದೆ ಉಳಿದು ಕಲ್ಲು ಆರಿಸುವುದು ಬೇಡ. ಪೊದೆಯ ಬದಿಗೆ ಕುಕ್ಕರುಗಾಲಲ್ಲಿ ಕೂರುವುದು ಬೇಡ, ಮೂತ್ರಕ್ಕೂ ಸಹ. ಕೂತ ಮನುಷ್ಯ ಚಿರತೆಯ ಕಣ್ಣಿಗೆ ಸಣ್ಣ ಪ್ರಾಣಿಯಾಗಿ ಕಾಣುತ್ತಾನೆ. ಸಂಜೆ ಕತ್ತಲು ಕವಿಯುವ ಮೊದಲೇ ಗೇಟಿನ ಹೊರಗಿರಿ. ಶಿಲೋಂಡಾದಂಥ ಒಳದಾರಿಗಳಿಗೆ ಪಾರ್ಕಿನವರ ಅನುಮತಿ, ಜೊತೆಗೆ ದಾರಿ ಬಲ್ಲವರು ಬೇಕು. ಸುಮ್ನೆ ನುಗ್ಗಬೇಡಿ.

ಎಂಟು ವರ್ಷದ ಹುಡುಗನಿಗೆ ಕಾನ್ಹೇರಿಯಷ್ಟು ಒಳ್ಳೆಯ ಜಾಗ ಮುಂಬೈಯಲ್ಲಿ ಇನ್ನೊಂದಿಲ್ಲ ಅಂತ ನನ್ನ ಲೆಕ್ಕ. ಕಪ್ಪು ಕಲ್ಲಿನ ಒಂದೇ ಗುಡ್ಡದಲ್ಲಿ ನೂರಕ್ಕೂ ಹೆಚ್ಚು ಗುಹೆಗಳು. ಎಲ್ಲವೂ ಬೌದ್ಧ ಭಿಕ್ಷುಗಳಿಗಾಗಿ ಕಡಿದದ್ದು. ಹೆಚ್ಚಿನ ಗುಹೆಗಳ ಹತ್ತಿರ ಕಲ್ಲಿನಲ್ಲೇ ಕೊರೆದ ನೀರಿನ ತೊಟ್ಟಿ ಇದೆ. ಮಳೆ ನೀರು ಬಂಡೆಯ ಮೇಲಿನಿಂದ ಹರಿದು ತೊಟ್ಟಿಗೆ ಸೇರಲು ಸಣ್ಣ ಕಾಲುವೆ ಕೊರೆದಿದ್ದಾರೆ. ಮಗನಿಗೆ ಆ ಕಾಲುವೆ ಹಿಡಿದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಪತ್ತೆ ಮಾಡಲು ಹೇಳಿ. ಅರ್ಧ ದಿನ ನಿಮ್ಮನ್ನು ಕಾಡುವುದಿಲ್ಲ. ಮಳೆಗಾಲದಲ್ಲಿ ಮೆಟ್ಟಿಲಿಗೆ ಪಾಚಿ ಕಟ್ಟುತ್ತದೆ, ಆಗ ಕೈ ಹಿಡಿದುಕೊಳ್ಳಿ.

ಮಗ ದೊಡ್ಡವನಾದ ಮೇಲೆ ಗೋರೆಗಾಂವ್ ಫಿಲ್ಮ್ ಸಿಟಿಯ ಪಕ್ಕ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರ ಶಿಕ್ಷಣ ಕೇಂದ್ರಕ್ಕೆ ಕರೆದುಕೊಂಡು ಹೋಗಿ. 1883ರಲ್ಲಿ ಶುರುವಾದ ಸಂಸ್ಥೆ ಅದು. ಮುಂಚೆ ಹೆಸರು ಕೊಟ್ಟರೆ ಕಾಡಿನೊಳಗೆ ನಡೆಸಿಕೊಂಡು ಹೋಗಿ ಹಕ್ಕಿ, ಚಿಟ್ಟೆ, ಗಿಡ ತೋರಿಸುತ್ತಾರೆ.

ಟ್ರೆಕ್ಕಿಂಗಿಗೆ ಎಂಥ ಶೂ ತೆಗೆದುಕೊಳ್ಳಬೇಕು? ಎಂಟು ಸಾವಿರದ್ದು ಒಂದು ನೋಡಿಟ್ಟಿದ್ದೇನೆ.
— ಅಂಧೇರಿಯ ಓದುಗ

ಅಡಿಯಲ್ಲಿ ಆಳವಾದ ಗೆರೆ ಇರುವ, ಬೆರಳ ಮುಂದೆ ಸ್ವಲ್ಪ ಜಾಗ ಬಿಡುವ ಯಾವುದಾದರೂ ಸಾಕು. ಹತ್ತಿರದ ಹಳ್ಳಿಯ ಹೆಂಗಸರು ಪ್ಲಾಸ್ಟಿಕ್ ಚಪ್ಪಲಿಯಲ್ಲಿ ತಲೆ ಮೇಲೆ ಸೌದೆ ಹೊತ್ತು ನಿಮ್ಮನ್ನು ದಾಟಿ ಹೋಗುತ್ತಾರೆ, ನೋಡುವಿರಂತೆ. ಹೊಸ ಶೂ ಹಾಕಿ ನೇರ ಗುಡ್ಡಕ್ಕೆ ಹೋಗಬೇಡಿ. ಒಂದೆರಡು ವಾರ ಆಫೀಸಿಗೆ ಹಾಕಿ ಹೋಗಿ. ಉಗುರು ಕತ್ತರಿಸಿಕೊಳ್ಳಿ. ಇಳಿಯುವಾಗ ಉದ್ದ ಉಗುರು ಶೂ ಮುಂಭಾಗಕ್ಕೆ ಗುದ್ದಿ ಕಪ್ಪಾಗುತ್ತದೆ.

ಆಂಟೀ, ನಾವು ಆರು ಜನ ಕಾಲೇಜ್ ಫ್ರೆಂಡ್ಸ್. ಜುಲೈನಲ್ಲಿ ಕಲಾವಂತಿನ್ ಇಲ್ಲವೇ ಹರಿಹರ್ ಕೋಟೆ. ಮಳೆಯಲ್ಲಿ ವಿಡಿಯೋ ಸಖತ್ತಾಗಿ ಬರುತ್ತೆ. ಅಮ್ಮ ಬೇಡ ಅಂತಾರೆ. ನೀವು ಒಂದು ಮಾತು ಹೇಳಿದರೆ ಒಪ್ಪಬಹುದು.
— ಕಲ್ಯಾಣದ ವಿದ್ಯಾರ್ಥಿ

ಅಮ್ಮ ಹೇಳಿದ್ದೇ ನನ್ನ ಮಾತು ಮಗಾ. ಬೇಡ.

ಕಾರಣ ಹೇಳುತ್ತೇನೆ, ಗದರಿಸಿ ಬಿಡುವುದಿಲ್ಲ. ಪನ್ವೇಲ್ ಹತ್ತಿರದ ಕಲಾವಂತಿನ್‌ನಲ್ಲಿ ಕಲ್ಲಿನಲ್ಲಿ ಕಡಿದ ಮೆಟ್ಟಿಲು. ಪಕ್ಕಕ್ಕೆ ಹಿಡಿಯಲು ಕಂಬಿ ಇಲ್ಲ, ಬದಿಯಲ್ಲಿ ನೇರ ಪಾತಾಳ. ತ್ರ್ಯಂಬಕದ ಕಡೆಯ ಹರಿಹರ್‌ನಲ್ಲಿ ಮೆಟ್ಟಿಲು ಏಣಿಯ ಹಾಗೆ ನೆಟ್ಟಗಿದೆ. ಕೈ ಇಡಲು ಗುಳಿ ಕಡಿದಿದ್ದಾರೆ. ಒಣಗಿದ್ದಾಗ ಇದೆಲ್ಲ ಸರಿ. ಮಳೆಯಲ್ಲಿ ಅದೇ ಗುಳಿಯಲ್ಲಿ ನೀರು, ಮೆಟ್ಟಿಲ ಮೇಲೆ ಪಾಚಿ. ಹತ್ತುವವರು, ಇಳಿಯುವವರು ಒಂದೇ ಸಾಲಿನಲ್ಲಿ. ಮೇಲೆ ಒಬ್ಬ ಜಾರಿದರೆ ಕೆಳಗಿನವನೂ ಹೋದ. ವಿಡಿಯೋದಲ್ಲಿ ಮಂಜು ಚೆಂದ ಕಾಣುತ್ತದೆ, ಮಂಜಿನಲ್ಲಿ ಮುಂದಿನ ಮೆಟ್ಟಿಲು ಕಾಣುವುದಿಲ್ಲ.

ನೀರಿನ ವಿಚಾರ ಇನ್ನೂ ಕಷ್ಟ. ನಮ್ಮ ಕರಾವಳಿಯವರಿಗೆ ಮಳೆ ಗೊತ್ತು ಅಂತ ಒಂದು ಜಂಬ ಇರುತ್ತದೆ. ನನಗೂ ಉಂಟು. ಆದರೆ ಇಲ್ಲಿಯ ಬೋಳು ಬಂಡೆ ನೀರನ್ನು ಕುಡಿಯುವುದಿಲ್ಲ. ಮೇಲೆ ಎಲ್ಲೋ ಮಳೆ ಹೊಡೆದರೆ ಕೆಳಗೆ ಪಾದ ಮುಳುಗುವಷ್ಟಿದ್ದ ತೊರೆ ನೋಡನೋಡುತ್ತಾ ಸೊಂಟಕ್ಕೆ ಬರುತ್ತದೆ. 2024ರ ಜೂನ್ ಕೊನೆಯ ಭಾನುವಾರ ಲೋನಾವಳದ ಭುಶಿ ಅಣೆಕಟ್ಟಿನ ಹಿಂದಿನ ಝರಿಯಲ್ಲಿ ಒಂದೇ ಕುಟುಂಬದ ಐದು ಮಂದಿ ಹೀಗೇ ಕೊಚ್ಚಿಕೊಂಡು ಹೋದರು. ಅವರಲ್ಲಿ ಮಕ್ಕಳೇ ಹೆಚ್ಚು. ನೀರಿನ ಮಧ್ಯೆ ಒಬ್ಬರನ್ನೊಬ್ಬರು ತಬ್ಬಿ ನಿಂತ ಆ ವಿಡಿಯೋ ನೀನೂ ನೋಡಿರುತ್ತೀ. ಬಣ್ಣ ಕೆಂಪಾದರೆ, ನೀರಿನಲ್ಲಿ ಎಲೆ ಕಡ್ಡಿ ತೇಲಿ ಬರಲು ಶುರುವಾದರೆ, ಸದ್ದು ಬದಲಾದರೆ, ಆ ಕ್ಷಣ ದಡಕ್ಕೆ. ಬ್ಯಾಗು, ಚಪ್ಪಲಿ, ಫೋನು ಏನನ್ನೂ ನೋಡಬಾರದು.

ಗುಡ್ಡವೇ ಕುಸಿಯುವುದೂ ಉಂಟು. 2023ರ ಜುಲೈ 19ರ ರಾತ್ರಿ ಖಾಲಾಪುರದ ಕಡೆ ಇರ್ಶಾಳಗಡದ ಬುಡದಲ್ಲಿದ್ದ ಇರ್ಶಾಳವಾಡಿ ಎಂಬ ಆದಿವಾಸಿ ಊರು ಮಣ್ಣಿನಡಿಗೆ ಹೋಯಿತು. ಕೋಟೆಗೆ ಹತ್ತುವವರು ಚಹಾ ಕುಡಿದು ಮುಂದೆ ಹೋಗುತ್ತಿದ್ದ ಊರು ಅದು. ಆದ್ದರಿಂದ ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ಜಲಪಾತ, ಕೋಟೆಗಳಿಗೆ ನಿಷೇಧ ಹೇರಿದರೆ ಕಳ್ಳದಾರಿ ಹುಡುಕಬೇಡ. ಖಾರ್ಘರಿನ ಪಾಂಡವಕಡಾ ಜಲಪಾತಕ್ಕೆ ಪ್ರತಿ ವರ್ಷ ನಿಷೇಧ ಇದ್ದರೂ ನುಗ್ಗುವವರಿದ್ದಾರೆ. ಆಮೇಲೆ ಹಗ್ಗ ಹಿಡಿದು ಇಳಿಯಬೇಕಾದವರು ಅಗ್ನಿಶಾಮಕದವರು.

ಜುಲೈನಲ್ಲಿ ಮಳೆ ನೋಡಲೇಬೇಕು ಅಂದರೆ ದಸ್ತೂರಿ ನಾಕಾದಿಂದ ರೈಲು ಹಳಿಯ ಬದಿಯಲ್ಲಿ ಮಾಥೇರಾನ್ ಪೇಟೆಗೆ ನಡೆಯಿರಿ. ಮೂರು ಕಿಲೋಮೀಟರಿನೊಳಗೆ, ಎರಡೂ ಕಡೆ ಮರ, ಕಾಲಡಿ ಕೆಂಪು ಮಣ್ಣು. ಹಳಿ 1907ರದ್ದು. ಮಳೆಗಾಲದಲ್ಲಿ ನೇರಳಿನಿಂದ ಮೇಲಕ್ಕೆ ಪುಟಾಣಿ ರೈಲು ಬರುವುದಿಲ್ಲ, ದಸ್ತೂರಿ ನಾಕಾ ಪಕ್ಕದ ಅಮನ್ ಲಾಡ್ಜ್ ಸ್ಟೇಷನ್ನಿನಿಂದ ಮಾಥೇರಾನಿಗೆ ಮಾತ್ರ ಓಡುತ್ತದೆ. ಮೋಟಾರು ಗಾಡಿಗಳಿಗೆ ಊರೊಳಗೆ ಪ್ರವೇಶ ಇಲ್ಲ. ಈಗ ಇ-ರಿಕ್ಷಾ ಬಂದಿದೆ. ವಿಡಿಯೋ ಅಲ್ಲಿಯೂ ಸಖತ್ತಾಗಿಯೇ ಬರುತ್ತದೆ. ಮಂಗ ಫೋನ್ ಕಸಿಯದ ಹಾಗೆ ನೋಡಿಕೋ. ಹರಿಹರ್‌ಗೆ ಡಿಸೆಂಬರಿನಲ್ಲಿ ಹೋಗು, ವಾರದ ಮಧ್ಯೆ. ಅಮ್ಮನಿಗೆ ಈ ಪುಟ ತೋರಿಸು, ಪೂರ್ತಿ ತೋರಿಸು.

ನಾವು ಮೂವರು ಹೆಂಗಸರು, ಒಂದೇ ಆಫೀಸಿನವರು. ರಾತ್ರಿ ಉಳಿದು ಬರುವ ಟ್ರೆಕ್ ಮಾಡಬೇಕು ಅಂತ ಆಸೆ. ಗಂಡಸರಿಲ್ಲದೆ ಹೋಗಬಹುದಾ? ಇನ್ನೊಂದು ಸಂಕೋಚದ ಪ್ರಶ್ನೆ, ಟಾಯ್ಲೆಟ್, ತಿಂಗಳ ದಿನ ಇತ್ಯಾದಿಗೆ ಏನು ಮಾಡುತ್ತೀರಿ?
— ಠಾಣೆಯ ಓದುಗರು

ಸಂಕೋಚ ಯಾಕೆ ಮಾರಾಯ್ರೇ, ನರ್ಸ್ ಹತ್ತಿರ ಕೇಳದೆ ಇನ್ಯಾರ ಹತ್ತಿರ ಕೇಳುತ್ತೀರಿ? ಉತ್ತರದಲ್ಲಿ ಅದನ್ನೇ ಮೊದಲು ಹೇಳುತ್ತೇನೆ. ಹೆಂಗಸರು ಗುಡ್ಡದಲ್ಲಿ ಸುಸ್ತಾಗಿ ಬೀಳುವುದಕ್ಕೆ ದೊಡ್ಡ ಕಾರಣ ಮೂತ್ರಕ್ಕೆ ಹೋಗಬೇಕಾಗುತ್ತದೆ ಅಂತ ನೀರು ಕುಡಿಯದಿರುವುದು. ದಯವಿಟ್ಟು ಹಾಗೆ ಮಾಡಬೇಡಿ. ಬಿಸಿಲಿನಲ್ಲಿ ತಲೆ ತಿರುಗುತ್ತದೆ, ಮನೆಗೆ ಬಂದ ಮೇಲೆ ಉರಿಮೂತ್ರ ಹಿಡಿಯುತ್ತದೆ. ಇಬ್ಬರು ದುಪಟ್ಟಾ ಅಡ್ಡ ಹಿಡಿದರೆ ಮೂರನೆಯವರಿಗೆ ಬಚ್ಚಲುಮನೆ ಆಯಿತು. ನೀರಿನ ತೊರೆಯಿಂದ ದೂರ ಹೋಗಿ, ಕೂರುವ ಮೊದಲು ಕೋಲಿನಿಂದ ಹುಲ್ಲು ಬಡಿಯಿರಿ. ಪ್ಯಾಡನ್ನು ಕಾಗದದಲ್ಲಿ ಸುತ್ತಿ, ಜಿಪ್ ಚೀಲಕ್ಕೆ ಹಾಕಿ ವಾಪಸ್ ತನ್ನಿ. ಹೂಳಬೇಡಿ, ನಾಯಿ ನರಿ ಕೆದಕುತ್ತವೆ. ಆ ದಿನಗಳಲ್ಲಿ ಹತ್ತಬಾರದು ಅಂತ ಏನೂ ಇಲ್ಲ. ನೋವಿದ್ದರೆ ಬೇಡ, ಅಷ್ಟೇ.

ಜಾಗ ಅಂದರೆ ರಾಜಮಾಚಿ. ಲೋನಾವಳದಿಂದ ಹೊರಟರೆ ಹದಿನೈದು ಕಿಲೋಮೀಟರಿನಷ್ಟು ಉದ್ದದ ದಾರಿ, ಆದರೆ ಏರು ಕಡಿಮೆ. ಕರ್ಜತ್ ಕಡೆಯಿಂದ ಕೊಂಡಾಣೆ ಗುಹೆಗಳ ಮೇಲೆ ಹಾದು ಹೋದರೆ ದೂರ ಕಡಿಮೆ, ಏರು ಜಾಸ್ತಿ. ನೀವು ಲೋನಾವಳದಿಂದ ಹೋಗಿ. ಮೇಲೆ ಉಧೇವಾಡಿ ಅಂತ ಊರು, ಅದರ ತಲೆಯ ಮೇಲೆ ಶ್ರೀವರ್ಧನ, ಮನರಂಜನ ಅಂತ ಎರಡು ಕೋಟೆ. ಮನೆಗಳಲ್ಲಿ ಉಳಿಯಲು ಜಾಗ ಕೊಡುತ್ತಾರೆ. ಊಟಕ್ಕೆ ಕಡಲೆಹಿಟ್ಟಿನ ಪಿಠ್ಲೆ, ಭಾಕ್ರಿ ಅನ್ನುವ ರೊಟ್ಟಿ, ಹಸಿಮೆಣಸಿನ ಠೇಚಾ. ನಿಮ್ಮಲ್ಲಿ ಯಾರಾದರೂ ಉತ್ತರ ಕರ್ನಾಟಕದವರಿದ್ದರೆ ಇದು ನಮ್ಮ ಜುಣಕ ಅಲ್ವಾ ಅನ್ನುತ್ತಾರೆ. ಭಾಕ್ರಿ ಜೋಳದ್ದಾಗಿರಲಿಕ್ಕಿಲ್ಲ, ಈ ಕಡೆ ಅಕ್ಕಿಯದ್ದೇ ರೂಢಿ.

ಮುಂಚೆ ಫೋನ್ ಮಾಡಿ ಮನೆ ಗೊತ್ತು ಮಾಡಿಕೊಳ್ಳಿ. ಎಷ್ಟು ಹೊತ್ತಿಗೆ, ಯಾವ ದಾರಿಯಲ್ಲಿ ಬರುತ್ತೀರಿ ಅಂತ ಆ ಮನೆಯ ಹೆಂಗಸಿಗೇ ಹೇಳಿ. ನೀವು ಬಾರದಿದ್ದರೆ ಹುಡುಕಿಕೊಂಡು ಬರುವವರು ಅವರೇ. ಬೆಳಗಿನ ಮೊದಲ ಗಾಡಿಯ ಲೇಡೀಸ್ ಡಬ್ಬಿ ಹಿಡಿಯಿರಿ. ಜೂನ್ ಮೊದಲ ವಾರ, ಮಳೆ ಹಿಡಿಯುವ ಮೊದಲು ಹೋದರೆ ಮಿಣುಕುಹುಳ ನೋಡಬಹುದು. ಆ ವಾರಾಂತ್ಯಗಳಲ್ಲಿ ಮಾತ್ರ ಜನಜಂಗುಳಿ, ಟಾರ್ಚು, ಗಲಾಟೆ. ನನಗೆ ಸೇರುವುದಿಲ್ಲ.

ನಾನು ತೀರ್ಥಹಳ್ಳಿ ಕಡೆಯವನು, ಮಗಳ ಮನೆಯಲ್ಲಿದ್ದೇನೆ. ಇಲ್ಲಿಯವರು ಸಹ್ಯಾದ್ರಿ ಸಹ್ಯಾದ್ರಿ ಅಂತ ಹೊಗಳುತ್ತಾರೆ. ಹೋಗಿ ನೋಡಿದರೆ ಬೋಳು ಬಂಡೆ. ಕಾಡೆಲ್ಲಿದೆ?
— ವಾಶಿಯ ಓದುಗರು

ಸಾರ್, ಆಗುಂಬೆಯ ಕಾಡು ನೋಡಿದ ಕಣ್ಣಿಗೆ ಹಾಗೇ ಕಾಣುವುದು. ಘಟ್ಟ ಅದೇ, ಕಲ್ಲು ಬೇರೆ. ಇಲ್ಲಿಯದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯಿಂದ ಉಕ್ಕಿದ ಲಾವಾ ಪದರ ಪದರವಾಗಿ ಗಟ್ಟಿಯಾದ ಬಸಾಲ್ಟ್. ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ಅದಕ್ಕೇ. ಆ ಕಡಿದಾದ ಮೆಟ್ಟಿಲಿನ ಮೇಲೆಯೇ ಮರಾಠರು ಕೋಟೆ ಕಟ್ಟಿದ್ದು. ಲೋನಾವಳದಾಚೆಯ ಲೋಹಗಡ 2025ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಹನ್ನೆರಡು ಮರಾಠಾ ಕೋಟೆಗಳಲ್ಲಿ ಒಂದು. ಇಲ್ಲಿ ಕಾಡಿಗಿಂತ ಕಲ್ಲು ನೋಡಬೇಕು.

ಮಹಾರಾಷ್ಟ್ರದ ಅತಿ ಎತ್ತರದ ಕಳಸೂಬಾಯಿ 1,646 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,900 ದಾಟುತ್ತದೆ. ಇದನ್ನು ನಾನು ಇಲ್ಲಿಯ ಗೆಳತಿಯರಿಗೆ ಸಮಯ ನೋಡಿ ಹೇಳುತ್ತಿರುತ್ತೇನೆ. ನಿಮಗೆ ಒಂದು ಸಮಾಧಾನವೂ ಇದೆ. ನಮ್ಮ ಕಡೆಯಷ್ಟು ಇಂಬಳ ಇಲ್ಲಿಲ್ಲ.

ಕಾಡೇ ಬೇಕು ಅಂದರೆ ಪನ್ವೇಲ್ ದಾಟಿ ಗೋವಾ ಹೈವೇಯಲ್ಲಿ ಕರ್ನಾಳಾ ಪಕ್ಷಿಧಾಮ ಇದೆ. ವಾಶಿಯಿಂದ ದೂರವೇನಲ್ಲ. ಕೆಳಗಿನ ದಾರಿಯಲ್ಲಿ ನೆರಳು, ಹಕ್ಕಿ. ಮೇಲೆ ಕೋಟೆ, ಅದರ ನಡುವೆ ಹೆಬ್ಬೆರಳು ಎತ್ತಿದಂಥ ಬಂಡೆ. ಆ ಬಂಡೆಯಲ್ಲಿ ಹೆಜ್ಜೇನು ಕಟ್ಟುತ್ತದೆ. ಸೆಂಟು, ಸಿಗರೇಟು, ಕೂಗಾಟ ಯಾವುದೂ ಬೇಡ.

2024ರಲ್ಲಿ ಕಾರ್ವಿ ಹೂವು ನೋಡುವುದು ತಪ್ಪಿಹೋಯಿತು. ಮತ್ತೆ ಯಾವಾಗ?
— ಬೊರಿವಲಿಯ ಓದುಗರು

ನಮ್ಮ ಊರಿನ ಗುರಿಗೆಯ ನೆಂಟ ಇದು. ಎಂಟು ವರ್ಷಕ್ಕೊಮ್ಮೆ. ನಿಮ್ಮ ಬೊರಿವಲಿ ಕಾಡಿನಲ್ಲಿ 2016ರಲ್ಲಿ ಆಯಿತು, 2024ರಲ್ಲಿ ಆಯಿತು. ಲೆಕ್ಕ ಹಾಕಿದರೆ 2032. ಮೊಣಕಾಲು ನೋಡಿಕೊಂಡಿರಿ.

ಮಾವನಿಗೆ 74 ವರ್ಷ, ಪುತ್ತೂರಿನಿಂದ ಬಂದಿದ್ದಾರೆ. ತೋಟ ಸುತ್ತಿ ಅಭ್ಯಾಸ, ಫ್ಲ್ಯಾಟಿನಲ್ಲಿ ಕೂತು ಬೇಜಾರಾಗಿದೆ. ಮಂಡಿನೋವು ಇದೆ. ಎಲ್ಲಿ ನಡೆಸಲಿ?
— ಮಾಟುಂಗದ ಓದುಗರು

ಮಲಬಾರ್ ಹಿಲ್‌ನಲ್ಲಿ 2025ರಲ್ಲಿ ಮರಗಳ ನಡುವೆ ಎತ್ತರದಲ್ಲಿ ಮರದ ಹಲಗೆಯ ದಾರಿ ಮಾಡಿದ್ದಾರೆ. 485 ಮೀಟರ್. ಆನ್‌ಲೈನಿನಲ್ಲಿ ಹೊತ್ತು ಗೊತ್ತು ಮಾಡಿ ಟಿಕೆಟ್ ತೆಗೆದುಕೊಳ್ಳಬೇಕು. ಗಿರ್ಗಾಂವ್ ಚೌಪಾಟಿ ಕಾಣುತ್ತದೆ. ಬೆಳಗಿನ ಹೊತ್ತು ಕರೆದುಕೊಂಡು ಹೋಗಿ. ಇನ್ನೊಂದು ದಿನ ಕಾನ್ಹೇರಿಗೆ ಬಸ್ಸಿನಲ್ಲಿ ಹೋಗಿ ಮೂರನೆಯ ಗುಹೆಯಷ್ಟೇ ನೋಡಿ ಬನ್ನಿ. ದೊಡ್ಡ ಚೈತ್ಯ, ಅಂದರೆ ಬೌದ್ಧರ ಪ್ರಾರ್ಥನೆಯ ಸಭಾಂಗಣ, ಬಾಗಿಲ ಬಳಿ ಎರಡೂ ಕಡೆ ಆಳೆತ್ತರದ ಮೂರ್ನಾಲ್ಕು ಪಟ್ಟು ಇರುವ ಬುದ್ಧ. ಅಂಧೇರಿಯ ಗಿಲ್ಬರ್ಟ್ ಹಿಲ್ ಹತ್ತಿರವೇ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಇನ್ನೂರು ಅಡಿ ನೆಟ್ಟಗಿನ ಬಂಡೆ, ಮಂಡಿಗೆ ಮೆಟ್ಟಿಲು ಆಗದು.

ಹಾವು ಕಚ್ಚಿದರೆ? ಶುಗರ್ ಇರುವವರು ಏನು ಒಯ್ಯಬೇಕು? ಎರಡೂ ನನ್ನದೇ ಚಿಂತೆ.
— ಭಾಂಡೂಪಿನ ಓದುಗ

ಶುಗರ್ ಮೊದಲು, ಯಾಕೆಂದರೆ ಹಾವಿಗಿಂತ ಅದರ ತೊಂದರೆಯೇ ಹೆಚ್ಚು ಸಲ ಆಗುವಂಥದ್ದು. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು, ತಿಂಡಿ ತಿನ್ನದೆ ಏರು ಹತ್ತಿದರೆ ಸಕ್ಕರೆ ಇಳಿಯುತ್ತದೆ. ಕೈ ನಡುಕ, ತಣ್ಣನೆ ಬೆವರು, ಸುಮ್ನೆ ಸಿಟ್ಟು ಬಂದರೆ ಅದೇ. ಜೇಬಿನಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಇರಲಿ, ಬ್ಯಾಗಿನ ಅಡಿಯಲ್ಲಿ ಅಲ್ಲ. ಹೊರಡುವ ಮೊದಲು ಡೋಸ್ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ. ಜೊತೆಗಿರುವವರಿಗೆ ನಿಮಗೆ ಶುಗರ್ ಇದೆ ಅಂತ ಹೇಳಿ, ಮುಚ್ಚಿಡಬೇಡಿ. ಓಆರ್‌ಎಸ್ ಪುಡಿಯನ್ನು ಪ್ಯಾಕೆಟ್ಟಿನಲ್ಲಿ ಬರೆದಷ್ಟೇ ನೀರಿಗೆ ಹಾಕಬೇಕು. ಹೆಚ್ಚು ಬೆವರಿದ್ದರೆ ಮಾತ್ರ, ಅದರಲ್ಲೂ ಸಕ್ಕರೆ ಇದೆ ಅನ್ನುವುದು ನೆನಪಿರಲಿ. ಪೆಟ್ಟಿಗೆಯ ಸಿಹಿ ಜ್ಯೂಸು ಅದರ ಬದಲಿಗೆ ಆಗುವುದಿಲ್ಲ.

ನಾಗರಹಾವು, ಕೊಳಕುಮಂಡಲ ಈ ಕಡೆ ಇವೆ. ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಉಂಗುರ, ವಾಚು ತೆಗೆಯಿರಿ. ಆ ಕಾಲು ಅಲ್ಲಾಡದ ಹಾಗೆ ಕೋಲು ಇಟ್ಟು ಸಡಿಲವಾಗಿ ಸುತ್ತಿ, ನಡೆಸದೆ ಹೊತ್ತು ತನ್ನಿ. 108ಕ್ಕೆ ಫೋನ್ ಮಾಡಿ. ಹಾವನ್ನು ಹಿಡಿಯುವುದು, ಕೊಲ್ಲುವುದರಲ್ಲಿ ಸಮಯ ಕಳೆಯಬೇಡಿ. ಯಾವ ಹಾವು ಅಂತ ಗೊತ್ತಾಗದಿದ್ದರೂ ಆಸ್ಪತ್ರೆಯಲ್ಲಿ ಕೊಡುವ ಔಷಧಿ ನಾಗರ, ಕೊಳಕುಮಂಡಲ ಸೇರಿ ನಾಲ್ಕು ಮುಖ್ಯ ವಿಷದ ಹಾವುಗಳಿಗೂ ಆಗುತ್ತದೆ.

ನಮಗೆ ರಜೆ ಇರುವುದು ಭಾನುವಾರ ಮತ್ತು ಸೋಮವಾರ. ಯಾವ ದಿನ ಹೋಗುವುದು?
— ಘಾಟ್ಕೋಪರಿನ ಹೋಟೆಲ್ ಕೆಲಸದ ಓದುಗ

ಸೋಮವಾರವೇ. ಭಾನುವಾರ ಗುಡ್ಡದಲ್ಲಿ ಸಂತೆ, ಸೆಂಟ್ರಲ್ ಲೈನಿನಲ್ಲಿ ಮೆಗಾ ಬ್ಲಾಕ್, ಅಂದರೆ ಹಳಿ ರಿಪೇರಿಗೆ ಗಾಡಿ ನಿಲ್ಲಿಸುವುದು. ಬೊರಿವಲಿ ಪಾರ್ಕಿಗೆ ಮಾತ್ರ ಸೋಮವಾರ ಹೋಗಬೇಡಿ, ಅದಕ್ಕೆ ಅವತ್ತು ರಜೆ. ಕರ್ಜತ್, ಕಸಾರಾ ಕಡೆ ಹೋದಾಗ ಬೆಳಿಗ್ಗೆ ಇಳಿದ ಕೂಡಲೇ ಸಂಜೆಯ ಗಾಡಿಗಳ ಹೊತ್ತು ಬರೆದುಕೊಳ್ಳಿ. ಠಾಣೆಯ ಹಾಗೆ ಎರಡು ನಿಮಿಷಕ್ಕೊಂದು ಬರುವುದಿಲ್ಲ, ಒಂದು ತಪ್ಪಿದರೆ ಇನ್ನೊಂದಕ್ಕೆ ತುಂಬಾ ಹೊತ್ತು ಕಾಯಬೇಕು. ನೀವು ಹಿಡಿಯಬೇಕಾದ್ದು ಕೊನೆಯ ಗಾಡಿಗಿಂತ ಎರಡು ಗಾಡಿ ಮುಂಚಿನದು. ಅದಕ್ಕೆ ಸರಿಯಾಗಿ ಇಳಿಯಲು ಎಷ್ಟು ಹೊತ್ತಿಗೆ ಹಿಂದಿರುಗಬೇಕೋ ಲೆಕ್ಕ ಹಾಕಿ. ಆ ಹೊತ್ತಾದಾಗ ತುದಿ ಇನ್ನು ಹತ್ತೇ ನಿಮಿಷ ಅಂತ ಯಾರು ಹೇಳಿದರೂ ಕೇಳದೆ ತಿರುಗಿ.